ಮೂರು ಸಹಿಯ ಕಪ್ಪುಕುಳಿ

ಟೆಂಪರರಿ ಮೇಷ್ಟ್ರ ಗ್ರಹಚಾರ ಕೆಟ್ಟದ್ದು ಒಂದು ಸುತ್ತೋಲೆಯಿಂದ. ಕಾಲೇಜಿನಲ್ಲಿ ಯಾರೇ ಉಪನ್ಯಾಸ ಕೊಡಲಿ, ಮೊದಲು ಮೂವರು ಹಿರಿಯರ ಸಹಿ ಪಡೆಯಬೇಕು ಎಂದಿತ್ತು ಅದರಲ್ಲಿ. ಏನನ್ನೂ ಹೊಡೆದುಹಾಕದೆ ಸಹಿ ಮಾಡಿದರೆ ಓದಿಯೇ ಇಲ್ಲವೆಂದು ಜನ ಆಡಿಕೊಂಡಾರು ಎಂಬ ಭಯ ಆ ಹಿರಿಯರಿಗೆ.

ಹನ್ನೊಂದು ವರ್ಷದಿಂದ ಭೌತಶಾಸ್ತ್ರ ಪಾಠ ಮಾಡುತ್ತಿದ್ದ ಮೇಷ್ಟ್ರು ಅಂದು ಮಧ್ಯಾಹ್ನ ಮೂರಕ್ಕೆ ಆಡಳಿತ ಮಂಡಳಿಯ ಮುಂದೆ ಮಾತಾಡಬೇಕಿತ್ತು. ಮೆಚ್ಚಿದರೆ ಕೆಲಸ ಕಾಯಂ. "ಈ ಸಲವೂ ಆಗ್ಲಿಲ್ಲ ಅಂದ್ರೆ ನಮ್ಮಪ್ಪನ ಹತ್ರ ನೀವೇ ಮಾತಾಡ್ಕೊಳ್ಳಿ" ಎಂದು ಹೆಂಡತಿ ಬಾಗಿಲಲ್ಲೇ ಎಚ್ಚರಿಸಿ ಕಳಿಸಿದ್ದಳು.

ವಿಷಯವೇನೋ ಘನವಾದದ್ದೇ. ಹುಟ್ಟಿದ ಮೊದಲ ಕ್ಷಣದಲ್ಲೇ ವಿಶ್ವ ಹಠಾತ್ತನೆ ಉಬ್ಬಿತು. ಆಗ ಎದ್ದ ಏರುಪೇರುಗಳಿಂದ ಕೆಲವು ಕಡೆ ವಿಪರೀತ ದಟ್ಟಣೆಯಾಗಿ, ನಕ್ಷತ್ರಗಳು ಹುಟ್ಟುವ ಮೊದಲೇ ಕುಸಿದು ಪುಟ್ಟ ಕಪ್ಪುಕುಳಿಗಳಾಗಿರಬಹುದು. ಗ್ಯಾಲಕ್ಸಿಗಳನ್ನು ಚದುರದಂತೆ ಹಿಡಿದಿಟ್ಟಿರುವ, ಕಣ್ಣಿಗೆ ಬೀಳದ ಕಪ್ಪುದ್ರವ್ಯ ಅವೇ ಇರಬಹುದು. ಇದನ್ನು ಮೇಷ್ಟ್ರು ನಲವತ್ತು ಸ್ಲೈಡುಗಳಲ್ಲಿ, ಸಮೀಕರಣ ಸಮೇತ ಬರೆದಿದ್ದರು.

ಗಣಿತದ ಹಿರಿಯರು ಸಮೀಕರಣಗಳನ್ನೆಲ್ಲ ಹೊಡೆದುಹಾಕಿದರು. ತಪ್ಪಿದ್ದವೆಂದಲ್ಲ, ಗಣಿತ ತಮ್ಮ ವಿಭಾಗದ ಸೊತ್ತೆಂದು. ದ್ರವ್ಯದ ಮಾತು ತಮಗೆ ಸೇರಿದ್ದೆಂದು ರಸಾಯನಶಾಸ್ತ್ರದವರು ಹದಿನೈದು ಸ್ಲೈಡು ಕಿತ್ತರು. ಉಳಿದದ್ದಕ್ಕೆ ಪ್ರಿನ್ಸಿಪಾಲರು ಕೈಹಾಕಿದರು.

"ಎಲ್ಲಾ ಕಡೆ 'ಇರಬಹುದು' ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟಿದ್ದೀರಲ್ಲ, ನಿಮಗೇ ಗ್ಯಾರಂಟಿ ಇಲ್ವಾ?"

ಹೀಗೆಂದು ಅವರು ಸಂಶಯವಿದ್ದ ಸ್ಲೈಡುಗಳನ್ನೆಲ್ಲ ತೆಗೆಸಿದರು. ವಿಜ್ಞಾನದಿಂದ ಸಂಶಯ ತೆಗೆದರೆ ಉಳಿಯುವುದಾದರೂ ಏನು? ಒಂದು ಕಪ್ಪು ವೃತ್ತದ ಚಿತ್ರ, ಅದರಡಿ ಮೂರು ಸಹಿ ಉಳಿದವು.

ಮೂರಕ್ಕೆ ಮೇಷ್ಟ್ರು ಅದನ್ನೇ ಪರದೆಯ ಮೇಲೆ ಹಾಕಿದರು. ಬೇರೆ ದಾರಿಯಿಲ್ಲದೆ ಅಡುಗೆಮನೆಯ ಭಾಷೆಗಿಳಿದರು. ಹಿಟ್ಟಿಗೆ ಬಿಸಿನೀರು ಹೊಯ್ದಾಗ ಅಲ್ಲಲ್ಲಿ ಗಂಟು ಕಟ್ಟುತ್ತದಲ್ಲ, ವಿಶ್ವದಲ್ಲೂ ಹಾಗೇ ಕಟ್ಟಿರಬಹುದು. ಗಂಟು ಕಾಣದಿದ್ದರೂ ತೂಕ ಎಲ್ಲಿಗೆ ಹೋದೀತು ಎಂದರು. ಮಂಡಳಿ ಮೈಮರೆತು ಕೇಳಿತು. ಹೆಂಚಿನ ಕಾರ್ಖಾನೆಯ ಒಡೆಯರಾದ ಅಧ್ಯಕ್ಷರಂತೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೇಷ್ಟ್ರು ಸಂತೋಷದಿಂದ ಕೈಮುಗಿದರು.

"ಮೇಷ್ಟ್ರೇ, ಇದೇನೋ ಕಬ್ಬಿಣದ ಕಡಲೆ ಅಂತ ಇಷ್ಟು ವರ್ಷ ಹೆದರಿದ್ವಿ" ಎಂದರು ಅಧ್ಯಕ್ಷರು. "ನನಗೇ ಹತ್ತು ನಿಮಿಷದಲ್ಲಿ ಅರ್ಥ ಆಗೋದಾದ್ರೆ, ಇದಕ್ಕೆ ಕಾಯಂ ಮೇಷ್ಟ್ರು ಯಾಕೆ ಬೇಕು ಹೇಳಿ?"

ಮಂಡಳಿ ತಲೆದೂಗಿತು. ಹುದ್ದೆಯನ್ನು ಅಲ್ಲೇ ರದ್ದು ಮಾಡಿ, ಸೋಮವಾರದಿಂದ ಭೌತಶಾಸ್ತ್ರದ ಪಾಠವನ್ನು ಅಧ್ಯಕ್ಷರೇ ಬಿಡುವು ಮಾಡಿಕೊಂಡು ತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು.