ಗೋಡೆಯ ಮೇಲಿನ ಹಸಿದ ಪ್ರೇತ

ಕರುಣೆ ಕಲಿಸುವವರಿಗೆ ಕರುಣೆ ಇರಲೇಬೇಕೆಂಬ ಕಾಯಿದೆಯೇನೂ ಇಲ್ಲ. ಈಜು ಬಾರದ ನನ್ನ ಸೋದರಮಾವ ದಂಡೆಯ ಮೇಲೆ ನಿಂತು ಕೂಗಿ ಕೂಗಿಯೇ ಮೂವರಿಗೆ ಈಜು ಕಲಿಸಿದ್ದರು. ನಾನೂ ಅದೇ ವಂಶದವಳು. ದಾಂಡೇಲಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಶನಿವಾರ ಚಿತ್ರಪುಸ್ತಕ ಹಿಡಿದು ಮಕ್ಕಳ ನಡುವೆ ಕೂರುತ್ತೇನೆ. ಅಕ್ಷರಗಳನ್ನು ಕೈಯಿಂದ ಮುಚ್ಚಿ, "ಈ ಮುಖ ನೋಡ್ರಿ, ಒಳಗ ಏನಾಗೈತಿ ಹೇಳ್ರಿ" ಎನ್ನುತ್ತೇನೆ. ಮರಿ ಕಳೆದುಕೊಂಡ ಆನೆಯನ್ನು ಕಂಡು ಮಕ್ಕಳು ಕಣ್ಣೊರೆಸಿಕೊಂಡರೆ ನನಗೆ ಒಳಗೊಳಗೇ ಖುಷಿ. ಆ ಹೊತ್ತಿನಲ್ಲಿ ನನ್ನ ಮುಖವನ್ನು ಯಾರೂ ನೋಡದಿದ್ದರೆ ಸಾಕು.

ಇಷ್ಟೆಲ್ಲ ಕಲಿಸುವ ನಾನು ಮನೆಯಲ್ಲಿ ಅತ್ತೆಯ ಜೊತೆ ಹದಿನೈದು ದಿನಗಳಿಂದ ಮಾತು ಬಿಟ್ಟಿದ್ದೆ. ಕಾರಣ ರೊಟ್ಟಿ. ಧಾರವಾಡ ಕಡೆಯ ನಮ್ಮ ಅತ್ತೆ ಜೋಳದ ರೊಟ್ಟಿಯನ್ನು ಒಂದು ತುತ್ತು ಮುರಿದು, "ನನಗ ಹಸಿವಿಲ್ಲವ್ವಾ" ಎಂದು ತಾಟು ಸರಿಸುತ್ತಿದ್ದರು. ಹನ್ನೆರಡು ವರ್ಷ ತಿಂದವರಿಗೆ ಈಗ ನನ್ನ ರೊಟ್ಟಿ ರುಚಿಸದಾಯಿತೆ? ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ನನ್ನ ಮರ್ಯಾದೆ ಏನಾಗಬೇಕು! ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದೆ, ಅಷ್ಟೆ. ಅತ್ತೆ ದಿನದಿನಕ್ಕೆ ಸೊರಗುತ್ತಿದ್ದರು. ಅದನ್ನೂ ಹಟವೆಂದೇ ತಿಳಿದೆ.

ಒಂದು ಭಾನುವಾರ ನಮ್ಮವರು ಮಿಲ್ಲಿನ ಪಾಳಿಯಲ್ಲಿದ್ದರು. ಆರು ವರ್ಷದ ಮಗಳ ಹಟಕ್ಕೆ ಅತ್ತೆಯೂ ನಾನೂ ಅವಳನ್ನು ನಡುವೆ ಕೂರಿಸಿಕೊಂಡು, ಒಬ್ಬರು ಆ ಕಡೆ, ಒಬ್ಬರು ಈ ಕಡೆ ನೋಡುತ್ತ ಬಸ್ಸಿನಲ್ಲಿ ಮುಂಡಗೋಡಕ್ಕೆ ಹೋದೆವು. ಅಲ್ಲಿನ ಟಿಬೆಟನ್ ಕ್ಯಾಂಪಿನ ಮಠವೊಂದರ ಗೋಡೆಯ ಮೇಲೆ ಹುಟ್ಟುಸಾವುಗಳ ಸುತ್ತನ್ನು ತೋರಿಸುವ ಭವಚಕ್ರದ ದೊಡ್ಡ ಚಿತ್ರ. ಅದರೊಂದು ಮಗ್ಗುಲಲ್ಲಿ ಡೊಳ್ಳುಹೊಟ್ಟೆಯ, ಸೂಜಿಯಂಥ ಗಂಟಲಿನ ಪ್ರೇತಗಳು.

"ಇವಕ್ಕ ಏನಾಗೈತಿ?" ಎಂದು ಮಗಳು ಕೇಳಿದಳು.

ಅಲ್ಲೇ ಇದ್ದ ವಯಸ್ಸಾದ ಭಿಕ್ಷು ಅಚ್ಚ ನಮ್ಮ ಕಡೆಯ ಕನ್ನಡದಲ್ಲಿ, "ಹಸಿವು ಭಾಳ ಐತಿ, ನುಂಗಾಕ ಬರಂಗಿಲ್ಲ, ಪಾಪ" ಎಂದರು.

"ನಮ್ಮ ಅಜ್ಜಿ ಹಂಗ!" ಎಂದಳು ಮಗಳು, ಇಡೀ ಮಠಕ್ಕೆ ಕೇಳುವಂತೆ.

ನಾನು ಗಾಬರಿಯಿಂದ ಅವಳ ಬಾಯಿ ಮುಚ್ಚಿದೆ. ಅತ್ತೆಯನ್ನು ಪ್ರೇತವೆಂದವಳು ಮಗಳೇ ಇರಬಹುದು, ಹೇಳಿಕೊಟ್ಟವಳು ನಾನೆಂದೇ ಲೋಕ ನಂಬುತ್ತದೆ. ಅವಳು ನನ್ನ ಕೈ ಸರಿಸಿ, "ಅಜ್ಜಿ ಹಲ್ಲಿನ ಸೆಟ್ ತಗದು ಗಲ್ಲ ಹಿಡ್ಕೊಂಡು ಕುಂದರ್ತಾಳ. ಆಕಿಗೆ ನೋವಾಗತೈತಿ" ಎಂದಳು.

ಅತ್ತೆಯ ಕಣ್ಣು ತುಂಬಿತು. "ಹೊಸಾ ಸೆಟ್ ಚುಚ್ಚತೈತಿ. ಮಗ ಹುರುಪಿಲೆ ಮಾಡಿಸ್ಯಾನ, ಹೆಂಗ ಹೇಳ್ಲಿ?"

ಹಾಗಾದರೆ ತಪ್ಪು ನನ್ನ ರೊಟ್ಟಿಯದಲ್ಲ! ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು. ನಾಚಿಕೆ ಬಂದದ್ದು ಆಮೇಲೆ.

ಮರುದಿನ ದಂತವೈದ್ಯರು ಸೆಟ್ಟನ್ನು ಎರಡು ಕಡೆ ಉಜ್ಜಿ ಕೊಟ್ಟರು. ಅತ್ತೆ ಅಂದೇ ಎರಡು ರೊಟ್ಟಿ ತಿಂದರು. ನೋಡುತ್ತ ನಿಂತ ನನಗೇ ಹೊಟ್ಟೆ ತುಂಬಿತು. ನೀರು ಕುಡಿದು ಅವರು ಮೆಲ್ಲಗೆ, "ಸಿಟ್ಟಾಗಬ್ಯಾಡವಾ, ನಿನ್ನ ರೊಟ್ಟಿ ಮೊದಲಿಂದನೂ ದಪ್ಪ, ಬಿರುಸು. ಬಡಿಯೂದು ನಾ ತೋರಸ್ತೇನಿ" ಎಂದರು. ಯಾವಾಗಲೂ ಹೆಂಚಿನಿಂದ ಇಳಿದ ಬಿಸಿ ರೊಟ್ಟಿಯನ್ನೇ ತಿನ್ನುವ ನಾನು ಅವತ್ತು ಬುಟ್ಟಿಯಲ್ಲಿ ಆರಿದ್ದ ಒಂದನ್ನು ಮುರಿದು ಬಾಯಿಗಿಟ್ಟೆ. ಹನ್ನೆರಡು ವರ್ಷಗಳಿಂದ ಮನೆಮಂದಿಯೆಲ್ಲ ನನ್ನ ಮೇಲೆ ಅದೆಷ್ಟು ಕರುಣೆ ತೋರಿಸುತ್ತ ಬಂದಿದ್ದಾರೆಂದು ಅಗಿಯುತ್ತ ಅಗಿಯುತ್ತ ತಿಳಿಯಿತು.