ಸ್ಪ್ರಿಂಗಿಗೆ ಜೋತುಬಿದ್ದ ಗುರುಗಳು

ಹೆಂಡತಿಗೆ ಪಾಠ ಹೇಳಿಕೊಡಲು ಹೋಗಿ ಬದುಕಿ ಉಳಿದ ಗಂಡಂದಿರುಂಟೇ? ಉಂಟು. ನಮ್ಮ ವಿಮಾ ಕಚೇರಿಯ ಗುಮಾಸ್ತರೇ ಸಾಕ್ಷಿ. ಬದುಕಿದ್ದಾರೆ, ಸ್ವಲ್ಪ ಇಳಿದಿದ್ದಾರೆ, ಅಷ್ಟೆ.

ಅವರ ಹೆಂಡತಿ ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆ ತೊಳೆಯುವ ಸಹಾಯಕಿ. ಭೌತಶಾಸ್ತ್ರವೊಂದು ಪಾಸಾದರೆ ಮಕ್ಕಳಿಗೆ ತಾನೇ ಪ್ರಯೋಗ ಮಾಡಿಸುವ ಕೆಲಸ ಸಿಗುತ್ತಿತ್ತು. ಆದರೆ ಘನ-ದ್ರವಗಳ ಗುಣದ ಅಧ್ಯಾಯ ಹೋದ ಸಲ ಆಕೆಯನ್ನು ನೀರಿಲ್ಲದೆ ಮುಳುಗಿಸಿತ್ತು.

"ಒಂದೇ ಒಂದು ಲೆಕ್ಕ ಸರಿ ಬರ್ಲಿ ಸಾಕು, ಧೈರ್ಯ ಬರುತ್ತೆ. ಇಲ್ಲಾಂದ್ರೆ ಈ ಸಲ ಪರೀಕ್ಷೆಗೆ ಕೂರೋದೇ ಇಲ್ಲ."

"ನಾನಿಲ್ವೇನೇ?" ಎಂದು ಗುಮಾಸ್ತರು ತೋಳೇರಿಸಿದರು.

ಮೊದಲು ಮೇಲ್ಮೈ ಎಳೆತ. ನೀರಿನ ಮೇಲೆ ಸೂಜಿ ತೇಲಿಸಲು ಹೋದರು. ಸೂಜಿ ನೆಟ್ಟಗೆ ತಳ ಸೇರಿತು. (ತಪ್ಪು ನೀರಿನದೆಂದು ತೀರ್ಪಾಯಿತು.) ಆಮೇಲೆ ಸ್ಥಿತಿಸ್ಥಾಪಕತ್ವ. ಜಗಲಿಯ ತೊಲೆಯಲ್ಲಿ ಜೋಕಾಲಿ ಕುರ್ಚಿಯ ದಪ್ಪ ಸ್ಪ್ರಿಂಗ್ ನೇತಾಡುತ್ತಿತ್ತು. ಕುರ್ಚಿ ಗುಮಾಸ್ತರ ಅಡಿಯಲ್ಲೇ ವೀರಮರಣ ಹೊಂದಿತ್ತು.

ಹತ್ತು ಕೆಜಿ ಹಿಟ್ಟಿನ ಚೀಲ ಕಟ್ಟಿದರು. ಸ್ಪ್ರಿಂಗ್ ಎರಡು ಸೆಂಟಿಮೀಟರ್ ಹಿಗ್ಗಿತು.

"ಈಗ ಚೀಲದ ಬದಲು ನಾನು ಜೋತುಬೀಳ್ತೀನಿ. ಎಷ್ಟು ಹಿಗ್ಗುತ್ತೆ ಅಳೆದು ನನ್ನ ತೂಕ ಹೇಳು. ಸರಿ ಉತ್ತರ ಎಪ್ಪತ್ತು, ಗೊತ್ತಲ್ಲ!"

(ಹೆಂಡತಿ ಪಥ್ಯ ಹಿಡಿಸಿದಂದಿನಿಂದ ಈ ಎಪ್ಪತ್ತನ್ನು ಹೇಳಿ ಹೇಳಿ ಅವರಿಗೇ ನಂಬಿಕೆ ಬಂದುಬಿಟ್ಟಿತ್ತು. ಕಚೇರಿ ಎದುರಿನ ಬೇಕರಿಯವನನ್ನು ಯಾರೂ ಕೇಳಿರಲಿಲ್ಲ.)

ಆಕೆ ಅಳೆದಳು, ಗುಣಿಸಿದಳು. "ಎಂಬತ್ತೆಂಟು."

"ತಪ್ಪು!" ಎಂದರು ಗುರುಗಳು, ಮೇಲಿನಿಂದಲೇ.

ಮತ್ತೆ ಮಾಡಿದಳು. ಎಂಬತ್ತೆಂಟೇ. ಕಣ್ಣು ತುಂಬಿ ಬಂತು. "ಬಿಡಿ, ನನ್ನ ಹಣೇಲಿ ಕೊಳವೆ ತೊಳೆಯೋದೇ ಬರ್ದಿರೋದು" ಎಂದು ಪುಸ್ತಕ ಮುಚ್ಚಿದಳು. ಮುಚ್ಚಿದವಳು ಸ್ಪ್ರಿಂಗ್ ನೋಡಿದಳು. ಆಮೇಲೆ ಗಂಡನ ಹೊಟ್ಟೆಯ ಮೇಲೆ ಒಂದೇ ದಾರದಲ್ಲಿ ಪ್ರಾಣ ಹಿಡಿದಿದ್ದ ಗುಂಡಿಯನ್ನು ನೋಡಿದಳು.

"ರೀ, ಇಳೀರಿ. ಚಪ್ಪಲಿ ಹಾಕ್ಕೊಳ್ಳಿ."

ಬೀದಿ ಮೂಲೆಯ ಹಳೇ ಪೇಪರ್ ಅಂಗಡಿಯ ತಕ್ಕಡಿ ಹತ್ತಿಸಿಯೇಬಿಟ್ಟಳು. ಅಂಗಡಿಯವನು ಬಗ್ಗಿ ನೋಡಿದ. "ಎಂಬತ್ತೆಂಟು ಅಕ್ಕಾ. ರದ್ದಿ ಆಗಿದ್ರೆ ಒಳ್ಳೇ ರೇಟು ಕೊಡ್ತಿದ್ದೆ."

"ಸರಿ ಬಂತು! ಲೆಕ್ಕ ಸರಿ ಬಂತು ಕಣ್ರೀ!" ಆಕೆ ಪೇಪರ್ ಕಟ್ಟುಗಳ ನಡುವೆ ಕುಣಿದಳು. ಗುಮಾಸ್ತರೂ ತಕ್ಕಡಿಯ ಮೇಲೆಯೇ ಎರಡು ಕೈ ಎತ್ತಿ, "ಯಾರ ಶಿಷ್ಯೆ!" ಎಂದು ಗರ್ಜಿಸಿದರು. ಎತ್ತಿದ ಕೈ ಇಳಿಸುವಾಗಷ್ಟೇ ಅವರಿಗೆ ಹೊಳೆಯಿತು, ತಾವು ಯಾವುದಕ್ಕೆ ಜೈಕಾರ ಹಾಕುತ್ತಿದ್ದೇವೆಂದು.

ಪರೀಕ್ಷೆಗೆ ಆಕೆ ದಂಡನಾಯಕಿಯಂತೆ ಹೋದಳು, ಗೆದ್ದು ಬಂದಳು. ಘನ-ದ್ರವದ ಲೆಕ್ಕ ಒಂದೂ ತಪ್ಪಲಿಲ್ಲ. ಫಲಿತಾಂಶದ ದಿನ ಇಡೀ ಬೀದಿಗೆ ಕೇಕ್ ಹಂಚಿದಳು. ಹಳೇ ಪೇಪರಿನವನಿಗೆ ಎರಡು ತುಂಡು. ಗುಮಾಸ್ತರು ತಟ್ಟೆ ಹಿಡಿದು ಕೊನೆಯವರಾಗಿ ಕಾದು ನಿಂತರು.

ಹೊಸ ಬೋಧಕಿ ಭಕ್ತಿಯಿಂದ ತಟ್ಟೆಗೆ ಒಂದು ಸೌತೆಕಾಯಿ ಇಟ್ಟಳು.

"ಗುರುದಕ್ಷಿಣೆ" ಎಂದಳು. "ತಿಂದ್ಕೊಂಡು ಜಗಲಿಗೆ ಬನ್ನಿ, ಈ ವಾರದ ಅಳತೆ ಬಾಕಿ ಇದೆ."