ಹಮಾಮಿನ ಗೋಡೆಗೆ ಸುಲೈಮಾನಿ

ಹಳೆಯದನ್ನು ಹೊಸತು ಮಾಡಿ ಎಂದರೆ ಯಾರಾದರೂ ಮಾಡಿಯಾರು. ಹೊಸತನ್ನು ಹಳೆಯದು ಮಾಡಿ ಎನ್ನುವವರ ಕೈಗೆ ಸಿಕ್ಕವನ ಪಾಡು ಮಾತ್ರ ಯಾರಿಗೂ ಬೇಡ. ತೊಂಬತ್ತರ ದಶಕದಲ್ಲಿ ದೋಹಾದಲ್ಲಿ ಸೂಪರ್‌ವೈಸರ್ ಆಗಿದ್ದ ನಾನು ಹಾಗೆ ಸಿಕ್ಕಿಬಿದ್ದೆ. ಹಿಂದಿನವರು ಬಿಸಿನೀರು ಮೀಯುತ್ತಿದ್ದ ಹಮಾಮೊಂದರ ಮುಂಗೋಡೆಯನ್ನು ಮೊದಲಿದ್ದ ಹಾಗೆಯೇ ದುರಸ್ತಿ ಮಾಡಬೇಕಿತ್ತು. ಊರಿನಲ್ಲಿ ನಮ್ಮ ಬಚ್ಚಲಿನ ಗೋಡೆ ಹೊಗೆ ಹಿಡಿದರೆ ಅಮ್ಮ ಸುಣ್ಣ ಬಳಿಸುತ್ತಿದ್ದಳು, ಅಲ್ಲಿಗೆ ಮುಗಿಯಿತು. ಇಲ್ಲಿ ಬಿಳಿಯ ಕನ್ಸಲ್ಟೆಂಟ್ ಸಾಹೇಬರು ವಾರವಾರ ಬಂದು, ನಾವು ಬಳಿದ ಗಾರೆಯ ಮಾದರಿಯ ಮುಂದೆ ಕತ್ತು ವಾರೆ ಮಾಡಿ ನಿಂತು, ಬಣ್ಣ ತೀರಾ ಹೊಸತಾಯಿತು ಎನ್ನುತ್ತಿದ್ದರು. ಅಲ್ಲ ಸ್ವಾಮಿ, ನಿನ್ನೆ ಬಳಿದ ಗಾರೆ ಹೊಸತಲ್ಲದೆ ಇನ್ನೇನಾಗಿರಬೇಕು?

ಸಾಹೇಬರಿಗೆ ಅದು ಬಣ್ಣ, ನನಗೆ ಮದುವೆ. ಬಣ್ಣ ಪಾಸಾದರೆ ಮಾತ್ರ ರಜೆ ಎಂದಿದ್ದರು ನಮ್ಮ ಕಾಂಟ್ರಾಕ್ಟರ್, ಉಳ್ಳಾಲದ ಹಾಜಿಯವರು. ನನ್ನ ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿತ್ತು. ನವೆಂಬರಿನಲ್ಲಿ ಉಡುಪಿಯಲ್ಲಿ ಲಿಲ್ಲಿಯ ಜೊತೆ ನನ್ನ ಮದುವೆ; ಕ್ರಿಸ್‌ಮಸ್‌ಗೆ ಮುಂಚಿನ ಅಡ್ವೆಂಟ್ ವ್ರತ ಶುರುವಾದರೆ ನಮ್ಮ ಇಗರ್ಜಿಯಲ್ಲಿ ಮದುವೆಗಳಿಲ್ಲ, ಕ್ರಿಸ್‌ಮಸ್ ದಾಟಬೇಕು. ಇದನ್ನೆಲ್ಲ ಸಾಹೇಬರಿಗೆ ಹೇಳುವ ಧೈರ್ಯವಿಲ್ಲದೆ, ಅವರ ಕಾರು ತಿರುಗುತ್ತಲೇ ಕೈಯಲ್ಲಿದ್ದ ಅರ್ಧ ಲೋಟ ಸುಲೈಮಾನಿಯನ್ನು, ಅಂದರೆ ಹಾಲಿಲ್ಲದ ಚಹಾವನ್ನು, ಪಕ್ಕದ ಗಾರೆಗೆ ಎರಚಿ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ನನ್ನ ಪೌರುಷ ಅಷ್ಟೇ.

ಒಂದು ಬೆಳಿಗ್ಗೆ ಸಾಹೇಬರು ಮಾದರಿಗಳನ್ನೆಲ್ಲ ಬಿಟ್ಟು ನನ್ನ ಚಹಾ ಬಿದ್ದ ಕಲೆಯ ಮುಂದೆ ನಿಂತರು. ಮುಟ್ಟಿದರು. ಕನ್ನಡಕ ತೆಗೆದು ನೋಡಿದರು. ನೂರು ವರ್ಷದ ಗಾರೆಗೆ ಇದೇ ಬಣ್ಣ, ಇದನ್ನೇ ಮಾಡಿ ಎಂದು ನನ್ನ ಕೈ ಕುಲುಕಿದರು. ಬಣ್ಣ ಪಾಸಾಯಿತು, ನಾನು ಮನಸ್ಸಿನಲ್ಲೇ ವಿಮಾನ ಹತ್ತಿದೆ.

ಹಾಜಿಯವರಿಗೆ ಗುಟ್ಟು ಹೇಳಿದ್ದೇ ತಪ್ಪಾಯಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಊರಿನಲ್ಲಿ ಕ್ರಿಸ್ತುವರನ್ನು ಕರೆಯುವ ಹಾಗೆಯೇ ಕರೆದು ಹೇಳಿದರು: "ಪೊರ್ಬುಗಳೇ, ಇದನ್ನು ಯಾರತ್ರವೂ ಬಾಯಿ ಬಿಡಬೇಡಿ. ಈ ಹದ ನಿಮಗೊಬ್ಬರಿಗೇ ಗೊತ್ತಿರುವುದು. ಇಡೀ ಗೋಡೆ ಮುಗಿಸಿಯೇ ಹೋಗಿ. ಅಷ್ಟರವರೆಗೆ ರಜೆ ಖಲಾಸ್."

ಊರಿನಲ್ಲಿ ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರಕ್ಕೆ ನನ್ನ ತಲೆಗೆ ತೆಂಗಿನಹಾಲು ಹೊಯ್ಯಬೇಕಾದ ಹೊತ್ತಿನಲ್ಲಿ ನಾನು ಅಟ್ಟಣಿಗೆ ಹತ್ತಿ ಹಮಾಮಿಗೆ ಚಹಾ ಮೀಯಿಸುತ್ತಿದ್ದೆ. ಅದೂ ಸಕ್ಕರೆ ಇಲ್ಲದ ಚಹಾ. ಸಕ್ಕರೆ ಬಿದ್ದರೆ ನೊಣ ಮುತ್ತುತ್ತಿತ್ತು. ಮದುವೆ ಜನವರಿಗೆ ಹೋಯಿತು. ದೋಹಾದ ಬಿನ್ ಒಮ್ರಾನ್ ಬಡಾವಣೆಯ ನನ್ನ ರೂಮಿನಿಂದ ಫೋನ್ ಮಾಡಿ ಲಿಲ್ಲಿಗೆ ಎಲ್ಲವನ್ನೂ ವಿವರಿಸಿದೆ. ಅಳುತ್ತಾಳೆಂದು ಸಮಾಧಾನದ ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದೆ.

ಅವಳು ಕೇಳಿದ್ದು ಇಷ್ಟೇ: "ಆ ಚಹಾ ಪೂರ್ತಿ ಕುಡಿಯಲಿಕ್ಕೆ ನಿಮಗೆ ಎಂತ ಆಗಿತ್ತು?"

ಇಂದಿಗೂ ನನ್ನ ಲೋಟದ ತಳದಲ್ಲಿ ಒಂದು ಗುಟುಕು ಉಳಿದರೆ ಅವಳು ಲೋಟವನ್ನೇ ನೋಡುತ್ತಾಳೆ. ನಾನು ಕುಡಿದುಬಿಡುತ್ತೇನೆ.